ಭೀಮಾತೀರದ ಮನೆದಾಸ್ತಾನು

ಮನೆದಾಸ್ತಾನು ಎಂದರೆ ಬರ, ನೆರೆ, ಸಾಂಕ್ರಾಮಿಕ ರೋಗ, ದಾರಿ ಕಡಿತ ಮುಂತಾದ ಆಪತ್ತಿನ ಕಾಲಕ್ಕೆಂದು ಒಂದು ಕುಟುಂಬ ತನ್ನಲ್ಲೇ ಕೂಡಿಟ್ಟುಕೊಳ್ಳುವ ಧಾನ್ಯ, ಒಣ ಆಹಾರ, ನೀರು, ಬೀಜ, ಮೇವು ಮತ್ತು ಉರುವಲು, ಹಾಗೂ ಅವು ಕೆಡದಂತೆ ಉಳಿಯಲು ಮನೆಯವರೇ ಮಾಡಿಕೊಳ್ಳುವ ಕುಣಿ, ಕಣಜ, ಮಾಳಿಗೆ ದುರಸ್ತಿಯಂಥ ಕೆಲಸಗಳ ಒಟ್ಟು ವ್ಯವಸ್ಥೆ. ಈ ಲೇಖನದ ವ್ಯಾಪ್ತಿ ಕಲಬುರಗಿ ಜಿಲ್ಲೆಯ ಅಫಜಲಪುರ, ಆಳಂದ ಮತ್ತು ಜೇವರ್ಗಿ ತಾಲ್ಲೂಕುಗಳು. ಮುಖ್ಯವಾಗಿ ಭೀಮಾ ನದಿಯ ದಡದ ಘತ್ತರಗಿ ಮತ್ತು ಅದರ ಸುತ್ತಲಿನ ಊರುಗಳು. ಇಲ್ಲಿನ ಮನೆದಾಸ್ತಾನಿಗೆ ಒಂದು ವಿಶೇಷವಿದೆ. ಅದು ಒಂದಕ್ಕೊಂದು ವಿರುದ್ಧವಾದ ಎರಡು ಆಪತ್ತುಗಳಿಗೆ ಉತ್ತರ ಕೊಡಬೇಕಾಗಿದೆ. ಬರ ನಿಧಾನವಾಗಿ ಬಂದು ವರ್ಷಗಟ್ಟಲೆ ಇರುತ್ತದೆ, ಅದಕ್ಕೆ ಕಾಳನ್ನು ನೆಲದೊಳಗೆ ಆಳವಾಗಿ ಇಡುವುದು ಒಳ್ಳೆಯದು. ನೆರೆ ಒಂದೆರಡು ದಿನದಲ್ಲಿ ಬಂದು ನೆಲದೊಳಗಿನದ್ದನ್ನೇ ಮೊದಲು ಕೆಡಿಸುತ್ತದೆ, ಅದಕ್ಕೆ ಕಾಳು ಎತ್ತರದಲ್ಲಿರಬೇಕು, ಹೊತ್ತೊಯ್ಯಲು ಬರುವಂತಿರಬೇಕು.

ಪ್ರದೇಶ

ಘತ್ತರಗಿ ಅಫಜಲಪುರ ತಾಲ್ಲೂಕಿನ ಗ್ರಾಮ. ಭಾಗ್ಯವಂತಿ ದೇವಿಯ ದೇವಸ್ಥಾನದಿಂದ ಹೆಸರಾದ ಯಾತ್ರಾಸ್ಥಳ. ಅಮಾವಾಸ್ಯೆಗೆ ಕರ್ನಾಟಕ ಮತ್ತು ಮಹಾರಾಷ್ಟ್ರದ ಭಕ್ತರು ಸೇರುತ್ತಾರೆ. ಊರಿನ ಬಳಿ ಭೀಮಾ ನದಿಗೆ ಸೇತುವೆಸಹಿತ ಬ್ಯಾರೇಜ್ ಇದೆ. ಪ್ರವಾಹ ಏರಿದಾಗ ಈ ಸೇತುವೆ ಮುಳುಗಿ ಆಚೆ ದಡದ ಸಂಪರ್ಕ ತಪ್ಪುತ್ತದೆ. ಇದೇ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ, ಆಳಂದ ತಾಲ್ಲೂಕಿನಿಂದ ಹರಿದು ಬರುವ ಅಮರ್ಜಾ ನದಿ ಭೀಮೆಯನ್ನು ಸೇರುತ್ತದೆ. ಸೊನ್ನದಲ್ಲಿ ಮತ್ತೊಂದು ದೊಡ್ಡ ಬ್ಯಾರೇಜ್ ಇದೆ.

ಭೀಮಾ ನದಿ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, ಸುಮಾರು 861 ಕಿ.ಮೀ. ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅದರ ಜಲಾನಯನದ ಬಹುಭಾಗ ಮಹಾರಾಷ್ಟ್ರದಲ್ಲಿರುವುದರಿಂದ ಅಫಜಲಪುರದಲ್ಲಿ ಹನಿ ಮಳೆ ಬೀಳದಿದ್ದರೂ ನದಿ ಉಕ್ಕಬಹುದು. ಸೊಲ್ಲಾಪುರ ಜಿಲ್ಲೆಯ ಉಜ್ಜನಿ, ನೀರಾ ನದಿಯ ವೀರ ಜಲಾಶಯಗಳಿಂದ ಬಿಟ್ಟ ನೀರು, ಸೀನಾ ಮತ್ತು ಬೋರಿ ನದಿಗಳ ಪ್ರವಾಹ, ಇವೆಲ್ಲ ಕೂಡಿದಾಗ ಇಲ್ಲಿ ನೆರೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರ, 2020ರ ಅಕ್ಟೋಬರ್, 2025ರ ಸೆಪ್ಟೆಂಬರ್ ಕೊನೆ, ಈ ಮೂರು ಸಲ ತೀರದ ಊರುಗಳು ಹೆಚ್ಚು ನೊಂದವು.

ಬರದ ದಾಖಲೆ ಇನ್ನೂ ಹಳೆಯದು. 1790ರ ದಶಕದ ಆರಂಭದ ಡೋಗಿ ಬರ, 1876ರಿಂದ 78ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರ, 1972ರ ಬರ ಈ ಭಾಗದ ಹಿರಿಯರ ಮಾತಿನಲ್ಲಿ ಕಾಲ ಗುರುತಿಸುವ ಕಂಬಗಳಾಗಿ ಉಳಿದಿವೆ. ಮಳೆ ಜಿಲ್ಲೆಯಲ್ಲಿ ಸರಾಸರಿ 800 ಮಿ.ಮೀ.ಗಿಂತ ತುಸು ಕಡಿಮೆ. ಆದರೆ ಸರಾಸರಿಯ ಸುತ್ತ ಏರಿಳಿತ ದೊಡ್ಡದು. ಹಿಂಗಾರಿ ಜೋಳ ಮಣ್ಣಿನಲ್ಲಿ ಉಳಿದ ಹಸಿಯನ್ನೇ ನಂಬಿ ಬೆಳೆಯುವ ಬೆಳೆ. ಆಗಸ್ಟ್, ಸೆಪ್ಟೆಂಬರ್ ಮಳೆ ತಪ್ಪಿದರೆ ಮುಂದಿನ ವರ್ಷದ ರೊಟ್ಟಿಯೇ ತಪ್ಪುತ್ತದೆ.

ಇತಿಹಾಸ

ಭೀಮೆಯ ಉಪನದಿ ಘೋಡದ ದಡದಲ್ಲಿ, ಪುಣೆ ಜಿಲ್ಲೆಯ ಇನಾಂಗಾವ್‌ನಲ್ಲಿ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞರು 1968ರಿಂದ 1983ರವರೆಗೆ ನಡೆಸಿದ ಉತ್ಖನನದಲ್ಲಿ ತಾಮ್ರಶಿಲಾಯುಗದ ಊರೊಂದು ದೊರೆಯಿತು. ಅಲ್ಲಿನ ಮನೆಗಳಲ್ಲಿ ಕಾಳು ತುಂಬುವ ಕುಣಿಗಳು, ಕಣಜ ನಿಲ್ಲಿಸಲು ಮಾಡಿದ ದುಂಡು ಕಟ್ಟೆಗಳು ಸಿಕ್ಕಿವೆ. ಕಾಲ ಕ್ರಿ.ಪೂ. ಸುಮಾರು 1600ರಿಂದ 700. ನೆಲದೊಳಗಿನ ಕುಣಿ ಮತ್ತು ನೆಲದ ಮೇಲಿನ ಕಣಜ, ಇವೆರಡೂ ಒಂದೇ ಮನೆಯಲ್ಲಿರುವ ಪದ್ಧತಿ ಈ ನದಿಯ ಬಯಲಿನಲ್ಲಿ ಕನಿಷ್ಠ ಮೂರು ಸಾವಿರ ವರ್ಷಗಳದ್ದು ಎಂಬುದಕ್ಕೆ ಇದು ಸಾಕ್ಷಿ. ಕೌಟಿಲ್ಯನ ಅರ್ಥಶಾಸ್ತ್ರದ ಕೋಷ್ಠಾಗಾರ ಪ್ರಕರಣ ರಾಜನ ಉಗ್ರಾಣದ ಅರ್ಧ ಭಾಗವನ್ನು ಪ್ರಜೆಗಳ ಆಪತ್ತಿಗೆಂದು ಎತ್ತಿಡಬೇಕು, ಹಳೆಯದನ್ನು ಬಳಸಿ ಹೊಸದರಿಂದ ತುಂಬುತ್ತಿರಬೇಕು ಎಂದು ವಿಧಿಸುತ್ತದೆ. ಹಳೆಯದು ಮೊದಲು ಖರ್ಚು, ಹೊಸದು ಕೆಳಗೆ ಎಂಬ ಈ ಕ್ರಮ ರೈತರ ಮನೆಗಳಲ್ಲಿ ಇಂದಿಗೂ ಇದೆ.

ಬಾಂಬೆ ಮತ್ತು ಮದ್ರಾಸ್ ಕಡೆಯ ರೈಲು ಮಾರ್ಗಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದ ಮೇಲೆ ಕಲಬುರಗಿಯ ಕಾಳು ದೂರದ ಪೇಟೆಗೆ ಸಾಗುವುದು ಸುಲಭವಾಯಿತು. ಹೆಚ್ಚುವರಿ ಕಾಳನ್ನು ವರ್ಷಾನುಗಟ್ಟಲೆ ಇಡುವ ಬದಲು ಮಾರುವ ರೂಢಿ ಅಲ್ಲಿಂದ ಬಲವಾಯಿತು. ಐದು ವರ್ಷದಲ್ಲೇ ಧಾತು ಬರ ಬಂತು. ರೈಲಿನಿಂದ ಬರದ ನಾಡಿಗೆ ಕಾಳು ಬಂದದ್ದೂ ನಿಜ, ಬರಕ್ಕೆ ಮುಂಚೆ ಕಾಳು ಹೊರಗೆ ಹೋಗಿದ್ದೂ ನಿಜ. ನಿಜಾಮರ ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ, ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ, ರೈತರಿಂದ ಕಡ್ಡಾಯವಾಗಿ ಲೇವಿ ಧಾನ್ಯ ಎತ್ತುವ ಪದ್ಧತಿ ಬಂತು. ನೆಲದೊಳಗಿನ ದಾಸ್ತಾನಿಗೆ ಬರದಿಂದ ರಕ್ಷಣೆ ಕೊಡುವುದರ ಜೊತೆಗೆ ಕಣ್ಣಿಗೆ ಬೀಳದಿರುವ ಗುಣವೂ ಇದ್ದುದರಿಂದ, ಲೂಟಿ ಮತ್ತು ವಸೂಲಿಯ ಕಾಲದಲ್ಲಿ ಅದರ ಬೆಲೆ ಹೆಚ್ಚುತ್ತಿತ್ತು.

ಹಗೇವು

ಹಗೇವು (ಹಗೆ ಎಂದೂ ಕರೆಯುತ್ತಾರೆ) ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕುಣಿ. ಮರಾಠಿಯಲ್ಲಿ ಇದಕ್ಕೆ ಪೇವ್ ಎಂಬ ಹೆಸರು. ಉತ್ತರ ಕರ್ನಾಟಕದ ಮನೆದಾಸ್ತಾನಿನಲ್ಲಿ ಅತಿ ದೊಡ್ಡದು, ಅತಿ ದೀರ್ಘಕಾಲದ್ದು ಇದೇ.

ಜಾಗದ ಆಯ್ಕೆ ಮೊದಲ ಕೆಲಸ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬಿ ನೀರು ಹಿಡಿಯುತ್ತದೆ. ಹಗೇವಿಗೆ ಅದು ಒಗ್ಗದು. ಆದ್ದರಿಂದ ಊರ ದಿಬ್ಬ, ಗರಸು ನೆಲ, ಹಳೆಯ ವಾಡೆಯ ಅಂಗಳ ಮುಂತಾದ ಎತ್ತರದ, ನೀರು ನಿಲ್ಲದ ಜಾಗ ಹುಡುಕುತ್ತಿದ್ದರು. ಕುಣಿ ಗಡಿಗೆಯ ಆಕಾರದ್ದು: ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ಆಳ ಒಂದಾಳಿನಿಂದ ಎರಡಾಳಿನವರೆಗೆ. ಸಣ್ಣ ಹಗೇವಿಗೆ ಹತ್ತಾರು ಚೀಲ ಹಿಡಿದರೆ ದೊಡ್ಡ ಮನೆತನಗಳ ಹಗೇವಿಗೆ ನೂರಕ್ಕೂ ಹೆಚ್ಚು ಚೀಲ ಹಿಡಿಯುತ್ತಿತ್ತು.

ತುಂಬುವ ಮುಂಚೆ ಕುಣಿಯೊಳಗೆ ಬೆಂಕಿ ಮಾಡಿ ಗೋಡೆ ಒಣಗಿಸುತ್ತಾರೆ. ತಳಕ್ಕೂ ಸುತ್ತಲೂ ಒಣ ಕಣಿಕಿ, ರವದಿ, ಬೇವಿನ ಸೊಪ್ಪು ಒತ್ತಾಗಿ ಹಾಸುತ್ತಾರೆ. ಬಿಸಿಲಲ್ಲಿ ಚೆನ್ನಾಗಿ ಒಣಗಿದ ಜೋಳವನ್ನು ಕಂಠದವರೆಗೂ ಸುರಿದು ತುಳಿದು, ಮೇಲೆ ಮತ್ತೆ ಹುಲ್ಲು ಹಾಸಿ, ಚಪ್ಪಡಿ ಕಲ್ಲು ಮುಚ್ಚಿ, ಸಂದುಗಳಿಗೆ ಕೆಸರು ಮೆತ್ತಿ, ಮೇಲೆ ಮಣ್ಣು ಏರಿಸಿ ಮಳೆನೀರು ಹರಿದುಹೋಗುವಂತೆ ದಿಬ್ಬ ಮಾಡುತ್ತಾರೆ. ಅರೆತುಂಬಿದ ಹಗೇವು ಕೆಡುತ್ತದೆ, ಏಕೆಂದರೆ ಖಾಲಿ ಜಾಗದಲ್ಲಿ ಗಾಳಿ ಉಳಿಯುತ್ತದೆ.

ಇದರ ಗುಟ್ಟು ಗಾಳಿಯಲ್ಲೇ ಇದೆ. ಮುಚ್ಚಿದ ಕುಣಿಯಲ್ಲಿ ಕಾಳು ಮತ್ತು ಹುಳುಗಳು ಉಸಿರಾಡಿ ಆಮ್ಲಜನಕ ತೀರಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಆಗ ನುಸಿ ಉಳಿಯುವುದಿಲ್ಲ, ಇಲಿಗೆ ದಾರಿಯಿಲ್ಲ, ವರ್ಷವಿಡೀ ನೆಲದೊಳಗಿನ ಉಷ್ಣತೆ ಹೆಚ್ಚು ಬದಲಾಗುವುದಿಲ್ಲ. ಔಷಧದ ಪುಡಿ ಒಂದು ಚಿಟಿಕೆಯೂ ಇಲ್ಲದೆ ಜೋಳ ಹಲವು ವರ್ಷ ಉಣ್ಣಲು ಯೋಗ್ಯವಾಗಿ ಉಳಿಯುವುದು ಹೀಗೆ. ಅಂಚಿನ ಕಾಳು ಮಾತ್ರ ಹಸಿ ತಗುಲಿ ಕಪ್ಪಾಗುತ್ತದೆ, ಮುಗ್ಗುತ್ತದೆ. ಉಳಿದ ಜೋಳಕ್ಕೂ ಒಂದು ವಾಸನೆ ಅಂಟುತ್ತದೆ. ಮೊಳೆಯುವ ಶಕ್ತಿ ಹೋಗುವುದರಿಂದ ಹಗೇವಿನ ಜೋಳವನ್ನು ಬಿತ್ತಲು ಬಳಸುವುದಿಲ್ಲ. ಬೀಜ ಬೇರೆಯೇ ಇರುತ್ತದೆ.

ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಕಲ್ಲು ಸರಿಸಿದ ಕೂಡಲೇ ಹಗೇವಿಗೆ ಇಳಿದವರು ಉಸಿರುಗಟ್ಟಿ ಸತ್ತ ಉದಾಹರಣೆಗಳು ಉತ್ತರ ಕರ್ನಾಟಕದ ಉದ್ದಗಲಕ್ಕೂ ಇವೆ. ಒಬ್ಬನನ್ನು ಎತ್ತಲು ಇಳಿದ ಇನ್ನೊಬ್ಬನೂ ಸಾಯುವುದು ಇಂಥ ದುರಂತಗಳ ಸಾಮಾನ್ಯ ರೀತಿ. ಬಾಯಿ ತೆರೆದು ದೀರ್ಘ ಹೊತ್ತು ಬಿಟ್ಟು, ಸೊಪ್ಪಿನ ಟೊಂಗೆ ಅಥವಾ ಬಟ್ಟೆಯಿಂದ ಗಾಳಿ ಕಲಕಿ, ಉರಿಯುವ ಕಂದೀಲನ್ನು ಹಗ್ಗದಲ್ಲಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಇಳಿಯುವುದು ಹಳೆಯ ರೂಢಿ. ದೀಪ ಉರಿದರೂ ಪೂರ್ತಿ ಭರವಸೆಯಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಹಿಡಿದು ನಿಂತು ಇಳಿಸುವುದು ಇದಕ್ಕಿಂತ ಸುರಕ್ಷಿತ.

ನೆರೆಗೆ ಹಗೇವು ಎದುರು ನಿಲ್ಲಲಾರದು. ಕೃಷ್ಣಾ ತೀರದ ಸಾಂಗಲಿ ಬಳಿಯ ಹರಿಪುರದಲ್ಲಿ ಅರಿಶಿನ ತುಂಬಿಡುವ ಪೇವುಗಳು ತಲೆಮಾರುಗಳಿಂದ ಇದ್ದವು. 2005ರ ಮಹಾಪೂರದಲ್ಲಿ ನೀರು ನುಗ್ಗಿ ಅವುಗಳಲ್ಲಿ ಬಹಳಷ್ಟು ಹಾಳಾದವು. ಭೀಮಾತೀರದಲ್ಲಿ ಹಗೇವು ತೋಡಲು ಊರ ದಿಬ್ಬವನ್ನೇ ಆರಿಸುತ್ತಿದ್ದುದರ ಹಿಂದೆ ನೆರೆಯ ಎಣಿಕೆಯೂ ಇದ್ದಿರಲೇಬೇಕು.

ಮನೆಯೊಳಗಿನ ಸಾಧನಗಳು

ವರ್ಷದೊಳಗೆ ಖರ್ಚಾಗುವ ಕಾಳು ಮನೆಯೊಳಗೇ ಇರುತ್ತದೆ. ಕಣಜ ಅಥವಾ ಗಳಗಿ ಬಿದಿರಿನ ದಬ್ಬೆ ಇಲ್ಲವೇ ತೊಗರಿ ಕಟ್ಟಿಗೆಯಿಂದ ಹೆಣೆದು, ಒಳಗೂ ಹೊರಗೂ ಸಗಣಿ ಮತ್ತು ಮಣ್ಣು ಮೆತ್ತಿದ ದುಂಡನೆಯ ಸಂಗ್ರಾಹಕ. ತೊಗರಿ ಬೆಳೆಯುವ ನಾಡಿನಲ್ಲಿ ಹೆಣೆಯುವ ಕಟ್ಟಿಗೆಗೆ ಖರ್ಚಿಲ್ಲ. ಇದನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಮೇಲೆ ಅಥವಾ ಕಟ್ಟೆಯ ಮೇಲೆ ನಿಲ್ಲಿಸುತ್ತಾರೆ. ಗುಮ್ಮಿ ಇದಕ್ಕಿಂತ ದೊಡ್ಡದು. ಬೇಳೆ, ಕಡಲೆ, ಹೆಸರು, ಹುಣಸೆಹಣ್ಣು, ಬೆಲ್ಲದಂಥ ಸಣ್ಣ ಪ್ರಮಾಣದ ಸಾಮಾನಿಗೆ ಅಡಕಲ ಗಡಿಗೆ, ಅಂದರೆ ದೊಡ್ಡದರ ಮೇಲೆ ಸಣ್ಣದನ್ನು ಏರಿಸಿದ ಮಣ್ಣಿನ ಗಡಿಗೆಗಳ ಸಾಲು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತಗಡಿನ ಡಬ್ಬಿಗಳೂ ತಗಡಿನ ಕಣಜಗಳೂ ಗೋಣಿಚೀಲಗಳೂ ಇವುಗಳ ಜಾಗಕ್ಕೆ ಬಂದವು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಕಣಜ ಹಸಿ ಇಟ್ಟಿಗೆಯ ಎರಡು ಗೋಡೆಗಳ ನಡುವೆ ಪಾಲಿಥೀನ್ ಹಾಳೆ ಹೊದಿಸಿ ಕಟ್ಟುವಂಥದ್ದು. ಹಳ್ಳಿಯ ಗೌಂಡಿಯೇ ಕಟ್ಟಬಲ್ಲ.

ಹೊಸದಾಗಿ ಬಂದ ಮೂರು ಪದರದ ಗಾಳಿಬಿಗಿ ಚೀಲವನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ ಆಫ್ರಿಕದ ಅಲಸಂದೆ ಬೆಳೆಗಾರರಿಗೆಂದು ರೂಪಿಸಿತು. ಒಳಗೆ ಎರಡು ಪ್ಲಾಸ್ಟಿಕ್ ಪದರ, ಹೊರಗೆ ನೇಯ್ದ ಚೀಲ. ಪ್ರತಿ ಪದರದ ಬಾಯನ್ನೂ ಬೇರೆಬೇರೆಯಾಗಿ ತಿರುಚಿ ಕಟ್ಟಿದರೆ ಒಳಗಿನ ಆಮ್ಲಜನಕ ತೀರಿ ಹುಳು ಸಾಯುತ್ತದೆ. ತತ್ತ್ವ ಹಗೇವಿನದ್ದೇ. ಆದರೆ ಇದನ್ನು ಅಟ್ಟಕ್ಕೇರಿಸಬಹುದು, ಟ್ರ್ಯಾಕ್ಟರಿನಲ್ಲಿ ಒಯ್ಯಬಹುದು, ನೆರೆಯ ಊರಿಗೆ ಬೇಕಾದ ಗುಣ ಅದೇ. ಚೂಪಾದ ಕಸ, ಇಲಿಯ ಹಲ್ಲು ಎರಡೂ ಇದರ ವೈರಿಗಳು. ಒಂದು ತೂತು ಬಿದ್ದರೂ ಗಾಳಿಬಿಗಿ ಹೋಯಿತು.

ಕಾಳು ಕಾಯುವ ಕ್ರಮ

ದಾಸ್ತಾನು ಕೆಡುವುದಕ್ಕೆ ಮೂಲ ಹಸಿ. ಜೋಳದಂಥ ಧಾನ್ಯದ ತೇವಾಂಶ 12 ಪ್ರತಿಶತಕ್ಕೆ, ಬೇಳೆಕಾಳಿನದ್ದು 9–10ಕ್ಕೆ ಇಳಿಯಬೇಕು. ಕಾಳನ್ನು ಹಲ್ಲಿನಲ್ಲಿ ಕಡಿದಾಗ ಕಟ್ ಎಂದು ಮುರಿಯಬೇಕು ಎಂಬುದು ಮನೆಯ ಪರೀಕ್ಷೆ. ಇನ್ನೂ ನಂಬಬಹುದಾದ ಪರೀಕ್ಷೆಗೆ ಒಣ ಗಾಜಿನ ಬಾಟಲಿ, ಒಲೆಯ ಮೇಲೆ ಬಿಸಿ ಮಾಡಿ ಆರಿಸಿದ ಪುಡಿಯುಪ್ಪು ಸಾಕು. ಒಂದಿಷ್ಟು ಕಾಳು, ಉಪ್ಪು ಹಾಕಿ ಮುಚ್ಚಿ ಕುಲುಕಿ ಸ್ವಲ್ಪ ಹೊತ್ತು ಬಿಟ್ಟರೆ, ಹಸಿ ಕಾಳಾದರೆ ಉಪ್ಪು ಗಾಜಿಗೆ ಅಂಟುತ್ತದೆ. ಅಂಟಿದರೆ ಇನ್ನೂ ಬಿಸಿಲು ಬೇಕು.

ಕಲಬುರಗಿಯ ಮುಖ್ಯ ದಾಸ್ತಾನು ತೊಗರಿ. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಇಡಿ ತೊಗರಿಗೆ ನುಸಿ ಬೇಗ ಹತ್ತುತ್ತದೆ, ಒಡೆದ ಬೇಳೆಗೆ ಕಡಿಮೆ. ಆದ್ದರಿಂದ ಬೇಸಿಗೆಯಲ್ಲೇ ಬೇಳೆ ಮಾಡಿಡುವುದು ಜಾಣತನ. ಕಾಳನ್ನು ನೆನೆಸಿ, ಕೆಮ್ಮಣ್ಣಿನ ರಾಡಿ ಕಲಸಿ, ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆಯುವುದಕ್ಕೆ ಕೆಮ್ಮಣ್ಣು ಕಟ್ಟುವುದು ಎನ್ನುತ್ತಾರೆ. ಬೇಳೆಗೆ ಔಡಲೆಣ್ಣೆ ಅಥವಾ ಶೇಂಗಾ ಎಣ್ಣೆ ತೆಳ್ಳಗೆ ಸವರಿದರೆ ಕೀಟ ಮೊಟ್ಟೆ ಅಂಟಿಸಲಾರದು. ಬೇವಿನ ಸೊಪ್ಪನ್ನು ನೆರಳಲ್ಲಿ ಪೂರ್ತಿ ಒಣಗಿಸಿದ ಮೇಲೆಯೇ ಹಾಕಬೇಕು. ಹಸಿ ಸೊಪ್ಪು ಕಾಳಿಗೆ ತೇವ ತರುತ್ತದೆ. ಬೀಜದ ಕಾಳಿಗೆ ಬೂದಿ ಬೆರೆಸುವುದು, ಬೀಜದ ಜೋಳದ ತೆನೆಗಳನ್ನು ಒಲೆಯ ಹೊಗೆ ತಾಗುವಂತೆ ಮೇಲೆ ಕಟ್ಟುವುದು ಹಳೆಯ ಕ್ರಮ. ಹುಳು ಮಾತ್ರೆ ಎಂದು ಪೇಟೆಯಲ್ಲಿ ಸಿಗುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯಿಂದ ಹೊರಡುವ ಅನಿಲ ಮಾರಣಾಂತಿಕ. ಜನ ಮಲಗುವ ಮನೆಯಲ್ಲಿ ಅದನ್ನು ಎಂದಿಗೂ ಬಳಸಬಾರದು.

ಪ್ರಮಾಣದ ಲೆಕ್ಕ ಸರಳ. ದಿನಕ್ಕೆ 2 ಕಿಲೊ ಜೋಳ ಖರ್ಚಾಗುವ ಮನೆಗೆ ತಿಂಗಳಿಗೆ 60 ಕಿಲೊ, ವರ್ಷಕ್ಕೆ 7 ಕ್ವಿಂಟಲ್ 30 ಕಿಲೊ ಬೇಕು. ಮುಂದಿನ ಹಿಂಗಾರಿ ಕೈಕೊಟ್ಟರೂ ತಡೆಯಬೇಕೆಂದರೆ ಇದರ ಇಮ್ಮಡಿ. ಇಲ್ಲಿ ಹೆಚ್ಚು ಇಷ್ಟಪಡುವ ತಳಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ಕೆಯಾದ ಮಾಲದಂಡಿ, ಅಂದರೆ ಎಂ 35-1. ಅದರ ಕಾಳು ರೊಟ್ಟಿಗೂ ಕಣಿಕಿ ದನಕ್ಕೂ ಒಳ್ಳೆಯದು.

ಬೇಸಿಗೆಯ ಕೆಲಸ

ತೊಗರಿ ಡಿಸೆಂಬರ್, ಜನವರಿಗೆ ರಾಶಿಯಾಗುತ್ತದೆ, ಹಿಂಗಾರಿ ಜೋಳ ಫೆಬ್ರುವರಿ, ಮಾರ್ಚ್‌ಗೆ. ಅಲ್ಲಿಂದ ಮಿರಗಿನ ಮಳೆಯವರೆಗೆ ಮಾಳಿಗೆಯ ಮೇಲೆ ಏನಾದರೊಂದು ಒಣಗುತ್ತಲೇ ಇರುತ್ತದೆ. ಶಾವಿಗೆ, ಹಪ್ಪಳ, ಸಂಡಿಗೆ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ, ಹೆಚ್ಚಿ ಒಣಗಿಸಿದ ಚವಳಿಕಾಯಿ, ಚಳಿಗಾಲದಲ್ಲೇ ಚಿವುಟಿ ಒಣಗಿಸಿಟ್ಟ ಕಡಲೆ ಪಲ್ಯೆ, ಪುಂಡಿ ಪಲ್ಯೆ, ಉಪ್ಪು ಬೆರೆಸಿ ಉಂಡೆ ಕಟ್ಟಿದ ಹುಣಸೆಹಣ್ಣು, ವರ್ಷದ ಖಾರಪುಡಿ, ಉಪ್ಪಿನಕಾಯಿ. ಇವು ರುಚಿಗೆಂದು ಮಾಡುವವು ಎಂದು ಕಾಣಬಹುದು. ತರಕಾರಿ ಸಂತೆ ನಿಂತುಹೋದ ವಾರಗಳಲ್ಲಿ ಅನ್ನ, ರೊಟ್ಟಿಗೆ ಜೊತೆ ಕೊಡುವುದು ಇವೇ. ಶೇಂಗಾ, ಅಗಸಿ, ಗುರೆಳ್ಳಿನ ಹಿಂಡಿಗಳಲ್ಲಿ ಎಣ್ಣೆಯಂಶ ಮತ್ತು ಪ್ರೋಟೀನ್ ಇದ್ದು, ಬೇಯಿಸದೆ ತಿನ್ನಬಹುದಾದ ಇವು ಆಪತ್ತಿನ ಊಟದ ತೂಕ ಹೆಚ್ಚಿಸುತ್ತವೆ.

ಕಡಕ್ ರೊಟ್ಟಿಗೆ ಇಲ್ಲಿ ಪ್ರತ್ಯೇಕ ಸ್ಥಾನ ಕೊಡಬೇಕು. ಜೋಳದ ಹಿಟ್ಟು ಹಳತಾದಷ್ಟೂ ಜಿಗುಟು ಕಳೆದುಕೊಳ್ಳುತ್ತದೆ, ರೊಟ್ಟಿ ತಟ್ಟುವಾಗ ಅಂಚು ಬಿರಿಯುತ್ತದೆ. ಸಜ್ಜೆಯ ಹಿಟ್ಟಂತೂ ಬೇಗ ಕಮಟುತ್ತದೆ. ಹೀಗಾಗಿ ಹಿಟ್ಟನ್ನು ದಾಸ್ತಾನು ಮಾಡಲು ಬರುವುದಿಲ್ಲ. ಕಾಳನ್ನು ಮಾಡಬಹುದು, ಆದರೆ ನೆರೆಯಲ್ಲಿ ಕರೆಂಟ್ ಹೋದರೆ ಗಿರಣಿ ನಿಲ್ಲುತ್ತದೆ, ಮನೆಯಲ್ಲಿ ಬೀಸುವ ಕಲ್ಲಿಲ್ಲದಿದ್ದರೆ ಚೀಲ ತುಂಬ ಜೋಳವಿದ್ದೂ ಉಪವಾಸ. ಹಂಚಿನ ಮೇಲೆ ಬೇಯಿಸಿ, ಒಲೆಯ ಬದಿಗೆ ಆನಿಸಿ ಗರಿಗರಿಯಾಗುವವರೆಗೆ ಒಣಗಿಸಿದ ರೊಟ್ಟಿಯಲ್ಲಿ ನೀರಿನಂಶ ಉಳಿಯದ ಕಾರಣ ಅದು ತಿಂಗಳವರೆಗೂ ಕೆಡುವುದಿಲ್ಲ. ಬೆಂಕಿ ಬೇಡ, ಗಿರಣಿ ಬೇಡ, ನೀರಲ್ಲೋ ಮಜ್ಜಿಗೆಯಲ್ಲೋ ಅದ್ದಿದರೆ ಮುದುಕರೂ ಮಕ್ಕಳೂ ತಿನ್ನಬಹುದು. 2009ರ ಮತ್ತು ಆಮೇಲಿನ ನೆರೆಗಳಲ್ಲಿ ಉತ್ತರ ಕರ್ನಾಟಕದ ಊರೂರುಗಳಿಂದ ಸಂತ್ರಸ್ತರಿಗೆ ರೊಟ್ಟಿಯ ಗಂಟು, ಹಿಂಡಿಯ ಪೊಟ್ಟಣ ಹರಿದುಬಂದದ್ದಕ್ಕೆ ಕಾರಣ ಈ ಗುಣ. ಜೂನ್‌ನಿಂದ ಅಕ್ಟೋಬರ್‌ವರೆಗೆ ತೀರದ ಮನೆಯಲ್ಲಿ ಒಂದು ವಾರಕ್ಕಾಗುವಷ್ಟು ಕಡಕ್ ರೊಟ್ಟಿ, ಹಿಂಡಿ, ಬೆಲ್ಲ, ಚುರುಮುರಿ, ಪುಟಾಣಿ ಸದಾ ಇರಬೇಕಾದ ದಾಸ್ತಾನು.

ನೀರು

ರಂಜಣಗಿ, ಹರವಿ, ಹಂಡೆ, ಕೊಡ ಸಾಂಪ್ರದಾಯಿಕ ಪಾತ್ರೆಗಳು. ಇಂದು ಅವುಗಳ ಜೊತೆಗೆ ಸಿಂಟೆಕ್ಸ್ ಟಾಕಿ, ಪ್ಲಾಸ್ಟಿಕ್ ಡ್ರಮ್ಮುಗಳಿವೆ. ಬರದಲ್ಲಿ ನೀರು ಇಲ್ಲ. ನೆರೆಯಲ್ಲಿ ಸುತ್ತಲೂ ನೀರು, ಕುಡಿಯಲು ಇಲ್ಲ, ಯಾಕೆಂದರೆ ಪಂಪ್‌ಹೌಸ್ ಮುಳುಗುತ್ತದೆ, ಬಾವಿ, ಬೋರ್‌ವೆಲ್‌ಗಳಿಗೆ ಹೊಲಸು ನೀರು ಸೇರುತ್ತದೆ. ಕುಡಿಯಲು ಮತ್ತು ತೀರಾ ಅಗತ್ಯದ ಅಡುಗೆಗೆ ತಲೆಗೆ ದಿನಕ್ಕೆ 3 ಲೀಟರ್‌ನಂತೆ ಹಿಡಿದರೂ ಐದು ಜನರಿಗೆ ಮೂರು ದಿನಕ್ಕೆ 45 ಲೀಟರ್ ಬೇಕು. ಬೇಸಿಗೆಯ ಬಿಸಿಲು 42 ಡಿಗ್ರಿ ದಾಟುವ ನಾಡಿನಲ್ಲಿ ಇದು ಕನಿಷ್ಠ ಲೆಕ್ಕ.

ರಾಡಿ ನೀರಿಗೆ ಪಟಿಕ ಆಡಿಸಿ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಕುದಿಸಿ ಕುಡಿಯಬೇಕು. ಉರುವಲಿಲ್ಲದಾಗ ಕ್ಲೋರಿನ್ ಮಾತ್ರೆ. ದೊಡ್ಡ ಟಾಕಿಗೆ ಒಳ್ಳೆಯ ಬ್ಲೀಚಿಂಗ್ ಪುಡಿಯಾದರೆ 1,000 ಲೀಟರ್‌ಗೆ ಸುಮಾರು 2.5 ಗ್ರಾಂ ಸಾಕು. ಬೆರೆಸಿ ಒಂದು ತಾಸು ಬಿಡಬೇಕು. ಬ್ಲೀಚಿಂಗ್ ಪುಡಿ ಗಾಳಿಗೆ ತೆರೆದಿದ್ದರೆ ಶಕ್ತಿ ಕಳೆದುಕೊಳ್ಳುವುದರಿಂದ ಹಳೆಯ ಪೊಟ್ಟಣವನ್ನು ನಂಬಬಾರದು. ಭೇದಿ ಹತ್ತಿದರೆ ಒಂದು ಲೀಟರ್ ಶುದ್ಧ ನೀರಿಗೆ 6 ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಕುಡಿಸುತ್ತಿರಬೇಕು.

ಮಾಳಿಗೆಯ ಮಳೆನೀರು ಹಿಡಿಯುವುದು ಬರಕ್ಕೆ ಮನೆಯವರೇ ಮಾಡಬಹುದಾದ ದೊಡ್ಡ ಕೆಲಸ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ಆರ್‌ಸಿಸಿ ಮಾಳಿಗೆಯ ಮೇಲೆ 600 ಮಿ.ಮೀ. ಮಳೆಯಾದ ವರ್ಷವೂ 60,000 ಲೀಟರ್ ಬೀಳುತ್ತದೆ. ಮೊದಲ ಮಳೆಯ ಹೊಲಸು ನೀರನ್ನು ಹೊರಗೆ ಬಿಡಲು ಪೈಪಿಗೊಂದು ಬಾಗಿಲು, ಉಸುಕು ಮತ್ತು ಜಲ್ಲಿಯ ಸೋಸುವಿಕೆ, ಮುಚ್ಚಳವಿರುವ ತೊಟ್ಟಿ ಇದರ ಅಂಗಗಳು.

ಮೇವು ಮತ್ತು ಉರುವಲು

ಬರದಲ್ಲಿ ಮನುಷ್ಯರಿಗಿಂತ ಮೊದಲು ಕಂಗೆಡುವವು ದನಗಳು. ಎತ್ತು ಮಾರಿದವನಿಗೆ ಮಳೆ ಬಂದಾಗ ಬಿತ್ತಲು ಆಗುವುದಿಲ್ಲ. ಜೋಳದ ಕಣಿಕಿಯನ್ನು ಸೂಡು ಕಟ್ಟಿ, ತೆನೆಯ ಕಡೆ ಒಳಗೆ, ಬುಡ ಹೊರಗೆ ಬರುವಂತೆ ಜೋಡಿಸಿ ಒಟ್ಟಿದ ರಾಶಿಗೆ ಬಣಿವೆ ಎಂದು ಹೆಸರು. ದೊಡ್ಡ ದನದ ಜೀವ ಹಿಡಿದಿಡಲು ದಿನಕ್ಕೆ 5ರಿಂದ 6 ಕಿಲೊ ಒಣ ಮೇವು ಬೇಕಾಗುತ್ತದೆ, ಆದ್ದರಿಂದ ಒಂದು ಜೋಡಿಗೆ ವರ್ಷಕ್ಕೆ ನಾಲ್ಕು ಟನ್‌ಗಳ ಆಸುಪಾಸು. ಒಣ ಮೇವಿನ ಸತ್ವ ಹೆಚ್ಚಿಸಲು 100 ಕಿಲೊ ಮೇವಿಗೆ 4 ಕಿಲೊ ಯೂರಿಯಾ ನೀರಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಇಡುವ ವಿಧಾನ ಪಶುವೈದ್ಯರು ಹೇಳಿಕೊಡುವಂಥದ್ದು. ಅಳತೆ ತಪ್ಪಿದರೆ ದನಕ್ಕೆ ವಿಷ. ಬಣಿವೆ ನದಿಯ ಹಳೆಯ ನೆರೆಮಟ್ಟಕ್ಕಿಂತ ಮೇಲಿರಬೇಕು, ಮನೆ ಮತ್ತು ವಿದ್ಯುತ್ ತಂತಿಯಿಂದ ದೂರವಿರಬೇಕು.

ಕುಳ್ಳು, ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಉರುವಲು. ಮಳೆಗಾಲಕ್ಕೆ ಮುನ್ನ ಕುಳ್ಳನ್ನು ಒಟ್ಟಿ ಮೇಲೆ ಸಗಣಿ ಸಾರಿಸಿ ಮುಚ್ಚುತ್ತಾರೆ. ಗ್ಯಾಸ್ ಇರುವ ಮನೆಯಲ್ಲೂ ಒಂದು ಮೂಲೆಯಲ್ಲಿ ಇವು ಉಳಿದಿವೆ.

ಮನೆಯ ದುರಸ್ತಿ

ಕಲ್ಲುಮಣ್ಣಿನ ಗೋಡೆ, ತೊಲೆ ಜಂತಿಗಳ ಮೇಲೆ ದಪ್ಪ ಮಣ್ಣಿನ ಮಾಳಿಗೆ ಈ ಭಾಗದ ಹಳೆಯ ಮನೆಯ ರೂಪ. ಬಿಸಿಲಿಗೆ ತಂಪು, ಕಾಳಿಗೆ ಒಳ್ಳೆಯದು. ಪ್ರತಿ ಮಳೆಗಾಲಕ್ಕೆ ಮುನ್ನ ಸವುಳು ಸೇರಿದ ಕರಲು ಮಣ್ಣು ಹರಡಿ ಸೋರಿಕೆ ತಡೆಯುತ್ತಾರೆ. ಅದರ ಮೇಲೆ ಹುಲ್ಲು ಬೆಳೆಯುವುದಿಲ್ಲ. ಆದರೆ ಹಳೆಯ ಮಣ್ಣು ತೆಗೆಯದೆ ವರ್ಷವರ್ಷವೂ ಹೊಸದು ಹಾಕುತ್ತ ಹೋದರೆ ಮಾಳಿಗೆಯ ಭಾರ ಏರುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆಳಂದಕ್ಕೆ ದೂರವಲ್ಲದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಸುಮಾರು 10,000 ಜನ ಸತ್ತರು. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಇಂಥದೇ ಭಾರದ ಮಾಳಿಗೆ ಮತ್ತು ಒಳಪದರ ಹೊರಪದರ ಬೆಸೆಯದ ಗೋಡೆ.

ಆದ್ದರಿಂದ ಹಳೆಯ ಮನೆಯಲ್ಲಿ ಮಾಡಬೇಕಾದ ಮೊದಲ ಕೆಲಸ ಮಾಳಿಗೆಯ ಹಳೆ ಮಣ್ಣು ಕೆರೆದು ತೆಳುವಾಗಿಸಿ, ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ತೆಳ್ಳನೆಯ ಮಣ್ಣು ಹಾಕುವುದು. ಎರಡನೆಯದು ಗೋಡೆಯ ದಪ್ಪವನ್ನು ದಾಟುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಕೂರಿಸಿ ಎರಡು ಪದರಗಳನ್ನು ಬೆಸೆಯುವುದು. ನೆರೆಗೆ ಅಟ್ಟ ಬೇಕು. ಹಿಂದಿನ ನೆರೆ ಏರಿದ ಗೆರೆಯನ್ನು ಗೋಡೆಯ ಮೇಲೆ ಬಣ್ಣದಿಂದ ಗುರುತಿಸಿ, ಅದಕ್ಕಿಂತ ಎರಡು ಮೊಳ ಮೇಲೆ ಅಟ್ಟ ಕಟ್ಟಿ ಬೀಜ, ಕಾಳು, ಹಾಸಿಗೆ ಏರಿಸುವುದು, ವಿದ್ಯುತ್ ಬೋರ್ಡನ್ನೂ ಆ ಗೆರೆಯ ಮೇಲಕ್ಕೆ ಒಯ್ಯುವುದು ಮನೆಯವರು ಒಂದೆರಡು ದಿನದಲ್ಲಿ ಮುಗಿಸಬಹುದಾದ ಕೆಲಸಗಳು. ನೀರು ಹೊಕ್ಕ ಮಣ್ಣಿನ ಗೋಡೆ ನೀರು ಇಳಿದ ಮೇಲೆಯೇ ಹೆಚ್ಚಾಗಿ ಕುಸಿಯುತ್ತದೆ, ಹಾಗಾಗಿ ಮರಳಿದ ದಿನವೇ ಒಳಗೆ ಮಲಗಬಾರದು.

ನೆರೆಯ ಗಂಟು

ಮೇಲಿನಿಂದ ಬಿಟ್ಟ ನೀರು ಅಫಜಲಪುರ ತಲುಪಲು ಒಂದು ದಿನಕ್ಕೂ ಮೀರಿದ ಹೊತ್ತು ಹಿಡಿಯುವುದರಿಂದ ಈ ನೆರೆಗೆ ಮುನ್ಸೂಚನೆ ಇದ್ದೇ ಇರುತ್ತದೆ. ಕಂದಾಯ ಇಲಾಖೆ ಡಂಗುರ ಹೊಡೆಸುತ್ತದೆ, ಮೊಬೈಲಿಗೆ ಎಚ್ಚರಿಕೆ ಬರುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರದ ಉಸ್ತುವಾರಿಗೆಂದು ಹುಟ್ಟಿದ ಘಟಕದಿಂದ ಬೆಳೆದದ್ದು; ಅದರ ವರುಣಮಿತ್ರ ಸಹಾಯವಾಣಿ ಮಳೆಯ ಮಾಹಿತಿ ಕೊಡುತ್ತದೆ. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077, ತುರ್ತು ಸಂಖ್ಯೆ 112, ಆಂಬುಲೆನ್ಸ್ 108.

ಎತ್ತಿಕೊಂಡು ಹೊರಡುವ ಗಂಟಿನಲ್ಲಿ ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕ, ಮನೆಯ ಕಾಗದಗಳು ಪ್ಲಾಸ್ಟಿಕ್ ಚೀಲದಲ್ಲಿರಬೇಕು. ಪಹಣಿ 2000ದ ದಶಕದ ಆರಂಭದಿಂದ ಭೂಮಿ ಯೋಜನೆಯಡಿ ಗಣಕೀಕೃತವಾಗಿರುವುದರಿಂದ ಕಳೆದರೂ ಮತ್ತೆ ಸಿಗುತ್ತದೆ, ಹಳೆಯ ಕ್ರಯಪತ್ರಗಳ ಮೂಲಪ್ರತಿ ಮಾತ್ರ ಹಾಗಲ್ಲ. ಬ್ಯಾಟರಿ, ಚಾರ್ಜ್ ಮಾಡಿದ ಪವರ್‌ಬ್ಯಾಂಕ್, ಬೆಂಕಿಪೆಟ್ಟಿಗೆ, ಹಗ್ಗ, ಬಿಪಿ ಹಾಗೂ ಸಕ್ಕರೆ ಕಾಯಿಲೆಯ ಮಾತ್ರೆ, ಹೆಣ್ಣುಮಕ್ಕಳ ಪ್ಯಾಡು, ಕೂಸಿಗೆ ಬೇಕಾದದ್ದು, ರೊಟ್ಟಿ, ನೀರು. ದನಗಳ ಕಣ್ಣಿ ಬಿಚ್ಚಿ ಅಥವಾ ಕೊಯ್ದು ಬಿಡಬೇಕು. ಕಟ್ಟಿದ ದನ ಈಜಲಾರದು. ನೆರೆಯಲ್ಲಿ ಹಾವುಗಳೂ ಎತ್ತರದ ಒಣ ಜಾಗಕ್ಕೇ ಬರುವುದರಿಂದ ಬಣಿವೆ, ಕುಳ್ಳಿನ ರಾಶಿಗೆ ಕೈ ಹಾಕುವ ಮುನ್ನ ಬೆಳಕು ಬಿಟ್ಟು ನೋಡುವುದು ಅವಶ್ಯ.

ಇಂದಿನ ಸ್ಥಿತಿ

ಹಗೇವು ಬಹುತೇಕ ಮರೆಯಾಗಿದೆ. ಅನೇಕ ಊರುಗಳಲ್ಲಿ ಅವುಗಳನ್ನು ಮುಚ್ಚಿ ಮೇಲೆ ರಸ್ತೆ, ಮನೆ ಕಟ್ಟಲಾಗಿದೆ. ಕಬ್ಬು, ಹತ್ತಿ, ತೊಗರಿ ಬೆಳೆಗಳ ವಿಸ್ತಾರದಿಂದ ಜೋಳದ ಹೊಲ ಕುಗ್ಗಿತು, ಕೂಡುಕುಟುಂಬ ಒಡೆಯಿತು, ರಾಶಿಯಾದ ಕಾಳು ನೇರ ಅಡತಿಗೆ ಹೋಗತೊಡಗಿತು. ಪಡಿತರ ವ್ಯವಸ್ಥೆ, 2013ರಲ್ಲಿ ಬಂದ ಅನ್ನಭಾಗ್ಯ ಮತ್ತು ಅದೇ ವರ್ಷದ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಹಸಿವಿನ ಭಯವನ್ನು ಬಹಳಷ್ಟು ಕಳೆದಿವೆ. ಬರದ ವರ್ಷ ಜನ ಹಸಿವಿನಿಂದ ಸಾಯದಿರುವುದು ಈ ವ್ಯವಸ್ಥೆಯ ಸಾಧನೆ, ಅದನ್ನು ಕಡಿಮೆ ಎಣಿಸಬಾರದು. ಪಡಿತರ ತಲುಪದ ಮೊದಲ ಮೂರು ನಾಲ್ಕು ದಿನಗಳಿಗೆ ಮಾತ್ರ ಮನೆದಾಸ್ತಾನಿಗೆ ಪರ್ಯಾಯವಿಲ್ಲ. 2020ರಲ್ಲಿ ಇದು ಎರಡು ಸಲ ಕಂಡಿತು. ದೇಶದ ಮೊದಲ ಕೊರೊನಾ ಸಾವು ಮಾರ್ಚ್‌ನಲ್ಲಿ ವರದಿಯಾದದ್ದು ಕಲಬುರಗಿಯಿಂದ. ಲಾಕ್‌ಡೌನ್ ಬಂದಾಗ ಸುಗ್ಗಿ ಮುಗಿದು ಕಾಳು ಮನೆಯಲ್ಲೇ ಇದ್ದವರಿಗೆ ಆ ವಾರಗಳು ಹಗುರಾದವು. ಅಕ್ಟೋಬರ್‌ನ ನೆರೆ ಬಂದಾಗ ದಾಸ್ತಾನು ಅರ್ಧ ಮುಗಿದಿತ್ತು, ತೊಗರಿ, ಹತ್ತಿ ಹೊಲದಲ್ಲೇ ನಿಂತಿದ್ದವು. ಲಾಕ್‌ಡೌನ್ ಬಂದದ್ದು ತುಂಬಿದ ಮನೆಗೆ, ನೆರೆ ಬರುವುದು ಬರಿದಾಗುತ್ತಿರುವ ಮನೆಗೆ ಎಂಬ ಈ ಕಾಲಗಣನೆ ತೀರದ ದಾಸ್ತಾನನ್ನು ಯೋಜಿಸುವವರು ಗಮನಿಸಬೇಕಾದ ಅಂಶ.

2009ರ ನೆರೆಯ ನಂತರ ರಾಜ್ಯ ಸರ್ಕಾರ ದಾನಿಗಳ ನೆರವಿನಿಂದ ಆಸರೆ ಯೋಜನೆಯಡಿ ಎತ್ತರದ ಜಾಗಗಳಲ್ಲಿ ಮನೆ ಕಟ್ಟಿಸಿತು. ಆ ಚಿಕ್ಕ ಮನೆಗಳಲ್ಲಿ ಕಣಜಕ್ಕೆ, ದನಕ್ಕೆ, ಬಣಿವೆಗೆ ಜಾಗವಿಲ್ಲದ್ದು ಹಳೆಯ ಊರನ್ನು ಬಿಡಲು ಅನೇಕ ರೈತ ಕುಟುಂಬಗಳು ಹಿಂಜರಿಯಲು ಒಂದು ಕಾರಣವಾಯಿತು. ಸ್ವಸಹಾಯ ಗುಂಪುಗಳ ಮಹಿಳೆಯರು ತಟ್ಟುವ ಕಡಕ್ ರೊಟ್ಟಿ ಈಗ ಕಲಬುರಗಿ ರೊಟ್ಟಿ ಎಂಬ ಹೆಸರಿನಲ್ಲಿ ಬೆಂಗಳೂರಿನವರೆಗೂ ಮಾರಾಟವಾಗುತ್ತಿದೆ. ಪೂಸಾ ಕಣಜ, ಮೂರು ಪದರದ ಚೀಲಗಳ ಬಳಕೆ ಬೀಜ ಮತ್ತು ಬೇಳೆಕಾಳು ಇಡುವ ಕೆಲವೇ ಮನೆಗಳಿಗೆ ಸೀಮಿತವಾಗಿದೆ. ಉಳಿದೆಡೆ ತಗಡಿನ ಡಬ್ಬಿ, ಪ್ಲಾಸ್ಟಿಕ್ ಚೀಲಗಳೇ ಹೆಚ್ಚು.